ಎಣ್ಣೆಗೂ ಜಾರದ, ಮಳೆಗೂ ಬಿಡದ ಗಂಗಾಂಬಿಕಾ ಅವರ ಚೀಟಿ

ಬೆಳಗಿನ ಐದೂ ಮುಕ್ಕಾಲು. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯ ಅಂಚಿನಲ್ಲಿರುವ ತಗಡಿನ ಶೆಡ್ಡಿನಲ್ಲಿ ಯಾರೂ ದೀಪ ಹಾಕಿಲ್ಲ. ಕತ್ತಲೊಳಗೆ ಗೇಣುದ್ದದ ನೀಲಿ ಉರಿಯೊಂದು ಬುಸುಗುಡುತ್ತಿದೆ. ಅದರೆದುರು ನಿಂತ ಹೆಂಗಸು ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಉರಿಯ ತುದಿಗೆ ಸರ್ರನೆ ತೋರಿಸಿ ಎಳೆದುಕೊಳ್ಳುತ್ತಾರೆ. ತಿರುಗಿಸಿ ಇನ್ನೊಂದು ಮೈ ತೋರಿಸುತ್ತಾರೆ. ಅಷ್ಟೇ, ಮುಗಿಯಿತು. ಡಬ್ಬಿ ಕರಗಿಲ್ಲ, ಬಣ್ಣ ಕೆಟ್ಟಿಲ್ಲ, ನನ್ನ ಕಣ್ಣಿಗೆ ಏನೂ ಆದಂತೆಯೇ ಕಾಣುವುದಿಲ್ಲ.

ಗೋಡೆಯ ಮೇಲೆ ದೀಪದ ಸ್ವಿಚ್ ಹುಡುಕುತ್ತಿದ್ದ ನನ್ನ ಕೈ ನೋಡಿ ಅವರು ಕೂಗುತ್ತಾರೆ. "ದೀಪ ಹಚ್ಚಬ್ಯಾಡ್ರಿ! ಬೆಳಕಿನ್ಯಾಗ ಈ ಉರಿ ಕಾಣಂಗಿಲ್ಲ. ನೀಲಿ ತುದಿ ಎಲ್ಲಿಗೆ ಮುಗೀತೈತಿ ಅನ್ನೂದು ನನಗ ಕಾಣಬೇಕು. ಅದಕ್ಕ ಹೊತ್ತು ಹುಟ್ಟೂಕಿಂತ ಮೊದ್ಲ ಬರ್ತೀನಿ."

ಇವರು ಗಂಗಾಂಬಿಕಾ. ವಯಸ್ಸು ನಲವತ್ತೇಳು. ಯಂತ್ರಗಳಿಗೆ ಹಾಕುವ ಎಣ್ಣೆಯನ್ನು ದೊಡ್ಡ ಪೀಪಾಯಿಯಿಂದ ಸಣ್ಣ ಡಬ್ಬಿಗಳಿಗೆ ತುಂಬಿ ಮಾರುವ ಘಟಕವೊಂದರಲ್ಲಿ ಲೇಬಲ್ ಅಂಟಿಸುವುದು ಇವರ ಕೆಲಸ. ಲೇಬಲ್ ಎನ್ನುವುದು ನಮ್ಮ ಮಾತು. ಅವರ ಬಾಯಲ್ಲಿ ಅದು ಚೀಟಿ.

ಐದು ನಿಮಿಷದಲ್ಲಿ ಕೊನೆಯ ನಲವತ್ತು ಡಬ್ಬಿ ಮುಗಿಸಿ ಉರಿ ಆರಿಸುತ್ತಾರೆ. ಎಣ್ಣೆಯ ಕೋಣೆ ಇಲ್ಲಿಂದ ನೂರು ಹೆಜ್ಜೆ ಆಚೆ ಇದೆ. ಈ ಶೆಡ್ಡಿಗೆ ಖಾಲಿ ಡಬ್ಬಿ ಮಾತ್ರ ಬರಬೇಕು, ಬಾಗಿಲ ಬಳಿ ಮರಳಿನ ಬಕೆಟ್ ಇರಲೇಬೇಕು. ಈ ಎರಡೂ ಅವರೇ ಮಾಡಿದ ನಿಯಮ. ಈಗ ಅವರ ಮುಖದಲ್ಲಿ ಮಾಯಾಜಾಲ ತೋರಿಸುವವರ ಖುಷಿ. ಉರಿ ತೋರಿಸದ ಡಬ್ಬಿಯ ಮೇಲೆ ನೀರು ಚಿಮುಕಿಸುತ್ತಾರೆ. ನೀರು ಮುತ್ತುಗಳಾಗಿ ಉರುಳಿ ಬಿದ್ದುಹೋಗುತ್ತದೆ. ಉರಿ ಕಂಡ ಡಬ್ಬಿಯ ಮೇಲೆ ಚಿಮುಕಿಸುತ್ತಾರೆ. ಅರೆ! ನೀರು ತೆಳ್ಳಗೆ ಹಾಳೆಯಂತೆ ಹರಡಿ ಮೈಗೆ ಹತ್ತಿಕೊಂಡಿದೆ.

"ಬರೀ ಡಬ್ಬಿ ಕೆಸುವಿನೆಲಿ ಇದ್ದಂಗ್ರಿ. ನೀರೂ ನಿಲ್ಲಂಗಿಲ್ಲ, ಗೋಂದೂ ನಿಲ್ಲಂಗಿಲ್ಲ. ಉರಿ ತೋರಿಸಿದ್ರ ಅದರ ಸೊಕ್ಕು ಇಳೀತೈತಿ."

ಒರೆಸಿ ಒಣಗಿಸಿದ ಡಬ್ಬಿಗೆ ಚೀಟಿಯ ಒಂದು ಅಂಚು ತಾಗಿಸಿ, ರಬ್ಬರ್ ಪಟ್ಟಿಯಿಂದ ಮಧ್ಯದಿಂದ ಹೊರಕ್ಕೆ ಸವರುತ್ತಾರೆ. ಒಂದು ಗುಳ್ಳೆಯೂ ಇಲ್ಲ. ನಿನ್ನೆ ಅಂಟಿಸಿದ ಡಬ್ಬಿಯೊಂದನ್ನು ನನ್ನ ಕೈಗಿಟ್ಟು ಸವಾಲು ಹಾಕುತ್ತಾರೆ. "ಕೀಳ್ರಿ ನೋಡೂಣು."

ಕೀಳಲು ಹೋದೆ. ನನ್ನ ಹೆಬ್ಬೆರಳಿನ ಉಗುರು ಮುರಿಯಿತು. ಚೀಟಿ ಮಿಸುಕಲಿಲ್ಲ.

ದಿನಕ್ಕೆ ಏಳುನೂರು ಡಬ್ಬಿ ಇವರ ಕೈ ದಾಟುತ್ತವೆ. ಬ್ರೇಕ್ ಎಣ್ಣೆ, ಗೇರ್ ಎಣ್ಣೆ, ಗಾಡಿ ಎತ್ತುವ ಜಾಕಿಗೆ ಹಾಕುವ ಜಾಕ್ ಎಣ್ಣೆ, ಇಂಜಿನ್ ಎಣ್ಣೆ ಎಂದು ನಾಲ್ಕು ಬಗೆ. ಸಿದ್ದಾಪುರದ ಅಕ್ಕಿ ಗಿರಣಿ, ಯಲ್ಲಾಪುರದ ಗ್ಯಾರೇಜು, ಬನವಾಸಿ ಕಡೆಯ ಟ್ರ್ಯಾಕ್ಟರು, ಘಟ್ಟದ ಕೆಳಗಿನ ದೋಣಿ, ಎಲ್ಲ ಕಡೆಗೂ ಹೋಗುತ್ತವೆ. ಗ್ರಾಹಕರಿಗೆ ಎಣ್ಣೆಯ ಹೆಸರು ಗೊತ್ತು. ಮಾಲೀಕ ರವೀಂದ್ರ ಅವರ ಹೆಸರೂ ಗೊತ್ತು. ಗಂಗಾಂಬಿಕಾ ಯಾರೆಂದು ಕೇಳಿದರೆ ಪಕ್ಕದ ಚಹಾ ಅಂಗಡಿಯವರಿಗೂ ಗೊತ್ತಿಲ್ಲ.

ಬನವಾಸಿ ಹತ್ತಿರದ ಹಳ್ಳಿಯ ರೈತರ ಮನೆಯಲ್ಲಿ ಹುಟ್ಟಿದವರು. ಹತ್ತನೇ ತರಗತಿ ಪಾಸು. ಮದುವೆಯಾಗಿ ಶಿರಸಿಗೆ ಬಂದ ಮೇಲೆ ಹನ್ನೊಂದು ವರ್ಷ ಲಗ್ನಪತ್ರಿಕೆ ಮುದ್ರಿಸುವ ಅಂಗಡಿಯಲ್ಲಿ ಕಾಗದ ಮಡಚಿದರು, ಗೋಂದು ಹಚ್ಚಿದರು. ಜನ ಲಗ್ನಪತ್ರಿಕೆಯನ್ನು ಮೊಬೈಲಿನಲ್ಲೇ ಕಳಿಸಲು ಶುರುಮಾಡಿದಾಗ ಆ ಅಂಗಡಿ ಮುಚ್ಚಿತು. ಆಗ ಸಿಕ್ಕಿದ್ದು ಈ ಕೆಲಸ. "ಅಲ್ಲೂ ಅಂಟ್ಸೋದ, ಇಲ್ಲೂ ಅಂಟ್ಸೋದ. ಏನ್ ವ್ಯತ್ಯಾಸ ಅನ್ಕೊಂಡಿದ್ನಿ," ಎನ್ನುತ್ತಾರೆ.

ವ್ಯತ್ಯಾಸ ಏನೆಂದು ತಿಳಿದದ್ದು ಐದು ವರ್ಷದ ಹಿಂದಿನ ಜೂನ್ ತಿಂಗಳಲ್ಲಿ.

ಆಗ ಇಲ್ಲಿದ್ದದ್ದು ಕಾಗದದ ಚೀಟಿ. ಎಣ್ಣೆ ತುಂಬಿದ ಮೇಲೆ ಡಬ್ಬಿ ಒರೆಸಿ, ಗೋಂದು ಬಳಿದು ಅಂಟಿಸುವುದು ರೂಢಿ. ಒಂದು ಲೀಟರಿನ ಬ್ರೇಕ್ ಎಣ್ಣೆಗೂ ಜಾಕ್ ಎಣ್ಣೆಗೂ ಅದೇ ಬಿಳಿ ಡಬ್ಬಿ, ಅದೇ ಮುಚ್ಚಳ. ಚೀಟಿ ಕಿತ್ತರೆ ಎರಡೂ ಅವಳಿ ಮಕ್ಕಳು.

ಅಂದು ಮಧ್ಯಾಹ್ನ ಗೇಟಿನ ಬಳಿ ಮುವ್ವತ್ತರ ಆಸುಪಾಸಿನ ಗಂಡಸೊಬ್ಬರು ನಿಂತಿದ್ದರು. ಎಡಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ. ಬಲಗೈಯಲ್ಲಿ ಖಾಲಿ ಡಬ್ಬಿ. ಕೋಲಸಿರ್ಸಿಯ ಸುಭಾಷ, ಪಿಕಪ್ ಗಾಡಿಯ ಚಾಲಕ. ಯಾರ ಮೇಲೂ ಕೂಗಾಡಲಿಲ್ಲ. ಎದುರಿಗೆ ಬಂದ ಗಂಗಾಂಬಿಕಾ ಅವರ ಮುಂದೆ ಡಬ್ಬಿ ಹಿಡಿದು ಕೇಳಿದ್ದು ಒಂದೇ ಮಾತು.

"ಅಕ್ಕಾ, ಇದ್ರಲ್ಲಿ ಇದ್ದದ್ದು ಎಂತ ಎಣ್ಣೆ? ನೀವು ಹೇಳ್ತ್ರಾ?"

ಡಬ್ಬಿಯ ಮೇಲೆ ಏನೂ ಇರಲಿಲ್ಲ. ಕಂದು ಗೋಂದಿನ ನಾಲ್ಕು ಗೆರೆ ಮಾತ್ರ ಉಳಿದಿದ್ದವು. ಆ ಗೆರೆ ಎಳೆದ ಕೈ ಯಾವುದೆಂದು ಗಂಗಾಂಬಿಕಾ ಅವರಿಗೆ ನೋಡಿದ ಕೂಡಲೇ ಗೊತ್ತಾಯಿತು. ಮೂಗಿಗೆ ಹಿಡಿದು ನೋಡಿದರು. ಜಾಕ್ ಎಣ್ಣೆ.

ಆದದ್ದು ಇಷ್ಟು. ಯಲ್ಲಾಪುರದ ಗ್ಯಾರೇಜೊಂದರ ಕಪಾಟಿನಲ್ಲಿ ಮಳೆಯ ಥಂಡಿಗೆ ಚೀಟಿ ಕಳಚಿ ಬಿದ್ದಿತ್ತು. ಮೆಕ್ಯಾನಿಕ್ ಅದನ್ನು ಬ್ರೇಕ್ ಎಣ್ಣೆ ಎಂದುಕೊಂಡು ಸುಭಾಷರ ಗಾಡಿಗೆ ಸುರಿದರು. ಬ್ರೇಕಿನ ರಬ್ಬರಿಗೆ ಜಾಕ್ ಎಣ್ಣೆ ಆಗಿಬರುವುದಿಲ್ಲ, ರಬ್ಬರು ಉಬ್ಬಿ ಕೆಡುತ್ತದೆ. ಎರಡು ದಿನ ಗಾಡಿ ಚೆನ್ನಾಗಿಯೇ ಓಡಿತು. ಮೂರನೆಯ ದಿನ ಬನವಾಸಿಯ ಅನಾನಸ್ ಹೇರಿಕೊಂಡು ಅಂಕೋಲೆಯತ್ತ ಅರಬೈಲ್ ಘಟ್ಟ ಇಳಿಯುವಾಗ ಪೆಡಲು ಕಾಲಡಿಯಲ್ಲಿ ಕುಸಿದುಹೋಯಿತು. ಮುಂದೆ ತಿರುವು, ತಿರುವಿನಾಚೆ ಪ್ರಪಾತ.

"ಗೇರ್ ಇಳಿಸ್ದೆ. ಹ್ಯಾಂಡ್ ಬ್ರೇಕ್ ಎಳ್ದೆ. ನಿಲ್ಲಲೇ ಇಲ್ಲ. ಸೀದಾ ಗುಡ್ಡದ ಬದಿಗೆ ಉಜ್ದೆ ಮಾರಾಯ್ರೆ," ಎಂದು ಸುಭಾಷ ನನ್ನೆದುರು ನೆನಪಿಸಿಕೊಳ್ಳುತ್ತಾರೆ. "ಅನಾನಸ್ಸೆಲ್ಲ ರಸ್ತೆ ಮೇಲೆ ಉರುಳ್ತಾ ನನಗಿಂತ ಮೊದ್ಲು ಘಟ್ಟ ಇಳ್ದೋದ್ವು." ಈಗ ನಗುತ್ತಾರೆ. ಅಂದು ಮುರಿದದ್ದು ಭುಜದ ಎಲುಬು. ಹಿಂದೆ ಬರುತ್ತಿದ್ದ ಬಸ್ಸು ಹತ್ತು ಮಾರು ದೂರದಲ್ಲಿ ನಿಂತಿತು.

ಗಂಗಾಂಬಿಕಾ ಆ ದಿನ ಉಣ್ಣಲಿಲ್ಲ. ಸುಭಾಷರನ್ನು ಕೂರಿಸಿ ಚಹಾ ಕೊಟ್ಟು, "ತಮ್ಮಾ, ಆ ಚೀಟಿ ಹಚ್ಚಿದಾಕಿ ನಾನ," ಎಂದರು. ನಂತರ ರವೀಂದ್ರ ಅವರ ಕೋಣೆಗೆ ಹೋಗಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

ರವೀಂದ್ರ ಸಮಾಧಾನ ಹೇಳಲು ನೋಡಿದರು. "ಮಳಿಗಾಲದಾಗ ಎಲ್ಲಾರ ಚೀಟಿನೂ ಬಿಡ್ತಾವ. ಮುಚ್ಚಳದ ಬಣ್ಣ ಬ್ಯಾರೆ ಮಾಡೂಣು, ಆತಿಲ್ಲ?"

"ಗ್ಯಾರೇಜಿನ್ಯಾಗ ಮುಚ್ಚಳ ಅದಲುಬದಲು ಆಗ್ತಾವ ಸಾಹೇಬ್ರ. ಹೆಸರು ಮೈಮ್ಯಾಲ ಇರಬೇಕು. ಒಂದು ಮಳಿಗಾಲ ಟೈಮ್ ಕೊಡ್ರಿ. ಯಾಕ ಬಿಡ್ತಾವ ಅನ್ನೂದು ನಾ ಹುಡುಕ್ತೀನಿ."

ಆ ಮಾತಿಗೆ ರವೀಂದ್ರ ಒಪ್ಪಿದರು. ಒಪ್ಪದೆ ದಾರಿಯಿರಲಿಲ್ಲ ಎಂದು ಈಗ ಅವರೇ ಹೇಳುತ್ತಾರೆ. "ಅಕ್ಕಾರ ಕಣ್ಣು ನೋಡಿ ಇಲ್ಲ ಅನ್ನಾಕ ಧೈರ್ಯ ಬರ್ಲಿಲ್ಲ."

ಹುಡುಕಾಟ ಶುರುವಾದದ್ದು ಬರಿಗೈಯಲ್ಲಿ. ಮೊದಲ ಪಾಠ ಎರಡೇ ದಿನದಲ್ಲಿ ಸಿಕ್ಕಿತು. ತುಂಬಿದ ಡಬ್ಬಿಯನ್ನು ಎಷ್ಟೇ ಒರೆಸಿದರೂ ಕಣ್ಣಿಗೆ ಕಾಣದ ಎಣ್ಣೆಯ ಪಸೆ ಉಳಿದಿರುತ್ತದೆ. ಹಾಗಾದರೆ ಎಣ್ಣೆ ತುಂಬುವ ಮೊದಲೇ ಚೀಟಿ ಹಚ್ಚಬೇಕು! ಇಡೀ ಘಟಕದ ಕೆಲಸದ ಸಾಲು ತಿರುವುಮುರುವಾಯಿತು. ಎರಡನೆಯದು ಕಾಗದದ ಗುಣ. ಎಣ್ಣೆ ಸೋಕಿದ ಕಾಗದ ಪಾರದರ್ಶಕವಾಗುತ್ತದೆ, ನೀರು ಸೋಕಿದರೆ ಮುದ್ದೆಯಾಗುತ್ತದೆ. ಪ್ಲಾಸ್ಟಿಕ್ ಹಾಳೆಯ ಚೀಟಿ ತರಿಸಿದರು. ಅದು ಹರಿಯಲಿಲ್ಲ, ಆದರೆ ಹದಿನೈದು ದಿನಕ್ಕೆ ಅಂಚಿನಿಂದ ಏಳತೊಡಗಿತು.

ಚೀಟಿಯ ಸುರುಳಿಯ ಪೆಟ್ಟಿಗೆಯ ಮೇಲೊಂದು ಫೋನ್ ನಂಬರ್ ಇತ್ತು. ಗಂಗಾಂಬಿಕಾ ಆ ನಂಬರಿಗೆ ಹನ್ನೊಂದು ಸಲ ಫೋನ್ ಮಾಡಿದರು. ಹನ್ನೊಂದು ಸಲವೂ ಮಾರಾಟದವರು ಎತ್ತಿ, ಎಷ್ಟು ಸುರುಳಿ ಬೇಕು ಎಂದು ಕೇಳಿದರು. ಹನ್ನೆರಡನೆಯ ಸಲ ಎತ್ತಿದ್ದು ಶಿಲ್ಪಾ ಎಂಬ ಇಂಜಿನಿಯರ್.

"ಆಕಿ ಕೇಳಿದ ಮೊದಲನೇ ಪ್ರಶ್ನೆ: 'ಡಬ್ಬಿ ಮ್ಯಾಲ ನೀರು ಹಾಕಿ ನೋಡೀರೇನು?' ಹಾಕಿ ನೋಡಿದ್ನಿ. ಉರುಳಿ ಬಿತ್ತು. 'ನೀರಿಗೇ ಹಿಡಿತ ಇಲ್ಲದ ಕಡೆ ಅಂಟು ಹೆಂಗ ಹಿಡೀತೈತಿ?' ಅಂದ್ಲು. ನನಗ ಮೈ ಝುಂ ಅಂತು!" ಹೇಳುವಾಗ ಗಂಗಾಂಬಿಕಾ ಕುರ್ಚಿಯಿಂದ ಎದ್ದೇ ನಿಂತಿದ್ದಾರೆ.

ದೊಡ್ಡ ಕಾರ್ಖಾನೆಗಳಲ್ಲಿ ಡಬ್ಬಿಗೆ ಉರಿ ತೋರಿಸುವ ಯಂತ್ರವಿರುತ್ತದೆ ಎಂದು ಶಿಲ್ಪಾ ಹೇಳಿದರು. ಇಲ್ಲಿ ಯಂತ್ರ ಎಲ್ಲಿಂದ ಬರಬೇಕು? ಗ್ಯಾಸಿನ ಬರ್ನರ್ ಒಂದನ್ನು ಕಂಬಿಗೆ ಬಿಗಿದು ಕೈಯಲ್ಲೇ ಶುರುಮಾಡಿದರು. ಮೊದಲ ದಿನ ಮುವ್ವತ್ತೊಂದು ಡಬ್ಬಿ ಕರಗಿದವು. ಒಂದು ನಾಯಿಯ ಮೂತಿಯ ಹಾಗೆ, ಒಂದು ಹಾಗಲಕಾಯಿಯ ಹಾಗೆ. ಎರಡನೆಯ ದಿನ ಹನ್ನೆರಡು. ವಾರದ ಕೊನೆಗೆ ಒಂದೂ ಇಲ್ಲ. ಕೈಗೆ ಹದ ಬಂದಿತ್ತು. ಮುಂಗೈಯ ಮೇಲೆ ಮೂರು ಸುಟ್ಟ ಕಲೆಗಳೂ ಬಂದಿದ್ದವು. ಅವು ಈಗಲೂ ಇವೆ.

ಇನ್ನು ಪರೀಕ್ಷೆ. ಮಳೆ, ಥಂಡಿ, ನೀರಿನ ಏಟು ಎಲ್ಲವೂ ಬಿಡದೆ ಸಿಗುವ ಜಾಗ ಎಲ್ಲಿದೆ? ದಾರಿ ತೋರಿಸಿದ್ದು ಸುಭಾಷರೇ. ಭುಜ ಕೂಡಿದ ಮೇಲೆ, ಆ ಎಣ್ಣೆಯ ಕಥೆ ಎಲ್ಲಿಗೆ ಬಂತು ನೋಡೋಣವೆಂದು ಘಟಕಕ್ಕೆ ಬಂದಿದ್ದರು. ಅವರ ಚಿಕ್ಕಮ್ಮ ದುರ್ಗಮ್ಮ ಇರುವುದು ಹೆಗ್ಗರಣೆಯ ಆಚೆ, ಉಂಚಳ್ಳಿ ಜಲಪಾತದ ತುಂತುರು ಗಾಳಿಯಲ್ಲಿ ಹಾರಿಬರುವ ಇಳಿಜಾರಿನಲ್ಲಿ. "ಅಲ್ಲಿ ಹಾಕಿದ ಬಟ್ಟೆ ದೀಪಾವಳಿವರೆಗೂ ಒಣಗೂದಿಲ್ಲ ಅಕ್ಕಾ," ಎಂದರು ಸುಭಾಷ.

ಮರುವರ್ಷದ ಮಳೆಗಾಲದ ಮೊದಲ ವಾರ. ರಿಪೇರಿಯಾದ ಅದೇ ಪಿಕಪ್ಪಿನಲ್ಲಿ ನಲವತ್ತೆಂಟು ಡಬ್ಬಿ ಹೆಗ್ಗರಣೆಗೆ ಹೋದವು. ಹದಿನಾರಕ್ಕೆ ಕಾಗದದ ಚೀಟಿ. ಹದಿನಾರಕ್ಕೆ ಪ್ಲಾಸ್ಟಿಕ್ ಚೀಟಿ, ಆದರೆ ಉರಿ ತೋರಿಸದ ಮೈಗೆ. ಉಳಿದ ಹದಿನಾರು ಉರಿ ಕಂಡವು. ಎಲ್ಲಕ್ಕೂ ಹೊರಮೈಗೆ ಎಣ್ಣೆ ಸವರಿ, ಬಲೆಯಲ್ಲಿ ಹಾಕಿ, ದುರ್ಗಮ್ಮನ ಅಂಗಳದ ಗೂಟಗಳಿಗೆ ಕಟ್ಟಿದರು. ತೊಂಬತ್ತು ದಿನ ಮುಟ್ಟುವ ಹಾಗಿಲ್ಲ.

ದುರ್ಗಮ್ಮನಿಗೆ ಇದು ವಿಚಿತ್ರವಾಗಿ ಕಂಡಿತು. ಆದರೂ ವಾರಕ್ಕೊಮ್ಮೆ ಗುಡ್ಡ ಹತ್ತಿ, ಫೋನಿಗೆ ಸಿಗ್ನಲ್ ಸಿಗುವ ಬಂಡೆಯ ಮೇಲೆ ನಿಂತು ವರದಿ ಕೊಟ್ಟರು. "ಕಾಗದದ್ದೆಲ್ಲ ಹೋಯ್ತೇ ಮಾರಾಯ್ತಿ, ಒಂದೂ ಇಲ್ಲೆ. ಬೇರೆದು ಇದ್ದು. ನಾ ಮಗಳ ಮದುವೆ ಚಪ್ಪರವನ್ನೂ ಇಷ್ಟು ಸಲ ನೋಡಿದ್ದಿಲ್ಲೆ!"

ತೊಂಬತ್ತನೆಯ ದಿನ ಎಲ್ಲರೂ ಹೋದರು. ಗಂಗಾಂಬಿಕಾ, ರವೀಂದ್ರ, ಸುಭಾಷ. ಅಂಗಳದಲ್ಲಿ ಕಂಬಳಿ ಹಾಸಿ ದುರ್ಗಮ್ಮ ಬಲೆ ಬಿಚ್ಚಿದರು. ಕಾಗದದ ಹದಿನಾರರಲ್ಲಿ ಓದಲು ಬರುವಂಥದ್ದು ಸೊನ್ನೆ. ಉರಿ ಕಾಣದ ಹದಿನಾರರಲ್ಲಿ ಒಂಬತ್ತು ಎದ್ದಿದ್ದವು. ಉರಿ ಕಂಡವನ್ನು ರವೀಂದ್ರ ಒಂದೊಂದಾಗಿ ಎತ್ತಿ ಎಣಿಸತೊಡಗಿದರು. ಹತ್ತು, ಹನ್ನೊಂದು, ಹನ್ನೆರಡು. ಸುಭಾಷ ಶಿಳ್ಳೆ ಹಾಕಿದರು. ಹದಿನಾಲ್ಕು, ಹದಿನೈದು! ಅಕ್ಷರಗಳು ನಿನ್ನೆ ಅಚ್ಚಾದ ಹಾಗಿದ್ದವು. ದುರ್ಗಮ್ಮ ಚಪ್ಪಾಳೆ ತಟ್ಟಿದರು. ರವೀಂದ್ರ ಎಣಿಕೆ ಬಿಟ್ಟು ಕೈಮುಗಿದರು.

ಹದಿನಾರನೆಯದರ ಒಂದು ಮೂಲೆ ಎದ್ದಿತ್ತು. ಉಗುರಿನಷ್ಟು.

ಉಳಿದವರು ಪಾಯಸ ಉಣ್ಣುತ್ತಿದ್ದರೆ ಗಂಗಾಂಬಿಕಾ ಆ ಒಂದು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರಂತೆ. "ಎಲ್ಲಾರೂ ಹದಿನೈದು ಹದಿನೈದು ಅಂತ ಕುಣ್ಯಾಕತ್ತಿದ್ರು. ನನಗ ಆ ಒಂದು ಯಾಕ ಎದ್ತು ಅನ್ನೂದ ಚಿಂತಿ. ಸುಭಾಷ ಕೂತದ್ದು ಆ ಒಂದು ಡಬ್ಬಿ ಎಣ್ಣಿ ಸುರಿದ ಗಾಡಿಯಾಗ ಇರಬಹುದಿತ್ತಲ್ರೀ."

ಉತ್ತರ ಸಿಕ್ಕಿದ್ದು ಶಿರಸಿಗೆ ಹಿಂತಿರುಗಿದ ಮೇಲೆ, ಕತ್ತರಿ ಹಿಡಿದಾಗ. ಹದಿನೈದು ಚೀಟಿಗಳ ಮೂಲೆಗಳು ಯಂತ್ರದಲ್ಲಿ ಕತ್ತರಿಸಿದವು, ಸ್ವಲ್ಪ ಗುಂಡಗಿದ್ದವು. ಹದಿನಾರನೆಯ ಡಬ್ಬಿಗೆ ಚೀಟಿ ಸಾಲದೆ ಬಂದಾಗ ಅವರೇ ಹಾಳೆಯನ್ನು ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ್ದರು. ಅದರ ಮೂಲೆ ಚೂಪು. ಚೂಪು ಮೂಲೆ ಬಲೆಗೆ, ಬಟ್ಟೆಗೆ, ಬೆರಳಿಗೆ, ಪೆಟ್ಟಿಗೆಯ ಅಂಚಿಗೆ ಸಿಕ್ಕಿ ಏಳುತ್ತದೆ. ಅಂದಿನಿಂದ ಇಲ್ಲಿನ ಚೀಟಿಗೆ ಚೂಪು ಮೂಲೆಯೇ ಇಲ್ಲ.

ಮಾತು ಇಲ್ಲಿಗೇ ಮುಗಿದಿದ್ದರೂ ದೊಡ್ಡದೇ. ಆದರೆ ಗಟ್ಟಿ ಚೀಟಿಯಿಂದ ಇನ್ನೊಂದು ಬಾಗಿಲು ತೆರೆಯಿತು. ಸಿದ್ದಾಪುರದಲ್ಲಿ ಗುಜರಿ ವ್ಯಾಪಾರ ಮಾಡುವ ಶಾಂತಾರಾಮ ಅವರು ಹಳೆಯ ಎಣ್ಣೆ ಡಬ್ಬಿಗಳನ್ನು ಕೊಳ್ಳುತ್ತಲೇ ಇರಲಿಲ್ಲ. "ಕಾಗದ, ಗೋಂದು ಸೇರಿದ್ರೆ ಅರೆದ ಪ್ಲಾಸ್ಟಿಕ್ ಪುಡಿ ಹಾಳಾಗ್ತದೆ. ಕೆರೆದು ತೆಗೆಯೂಕೆ ಯಾರಿದ್ದಾರೆ?" ಎಂಬುದು ಅವರ ತಕರಾರು. ಹೀಗಾಗಿ ಡಬ್ಬಿಗಳು ಹಳ್ಳಕ್ಕೆ ಬೀಳುತ್ತಿದ್ದವು. ಇನ್ನೂ ಕೆಲವು, ಹೆಸರಿಲ್ಲದ್ದರಿಂದ ಒಳಗೆ ಏನಿತ್ತೆಂದು ತಿಳಿಯದೆ, ಹೊಲಕ್ಕೆ ಕುಡಿಯುವ ನೀರು ಒಯ್ಯಲು ಬಳಕೆಯಾಗುತ್ತಿದ್ದವು.

ಗಂಗಾಂಬಿಕಾ ಶಿಲ್ಪಾ ಅವರಿಗೆ ಮತ್ತೆ ಫೋನ್ ಹಚ್ಚಿದರು. ಡಬ್ಬಿ ಯಾವ ಪ್ಲಾಸ್ಟಿಕ್ಕೋ ಅದೇ ಜಾತಿಯ ಹಾಳೆಯಲ್ಲಿ ಚೀಟಿ ಮಾಡಿದರೆ ಕೆರೆಯುವುದೇ ಬೇಡ, ಎರಡನ್ನೂ ಒಟ್ಟಿಗೆ ಅರೆಯಬಹುದು ಎಂದರು ಶಿಲ್ಪಾ. ಈಗ ಬರುತ್ತಿರುವುದು ಅದೇ. ಶಾಂತಾರಾಮ ಈ ಡಬ್ಬಿಗಳನ್ನು ಚೀಟಿ ಸಮೇತ ತೆಗೆದುಕೊಳ್ಳುತ್ತಾರೆ.

ಅದಕ್ಕೂ ಮೊದಲು ಡಬ್ಬಿಗೆ ಇನ್ನೂ ಐದು ಜನ್ಮಗಳಿವೆ. ಚೀಟಿ ಉಳಿದಿದ್ದರೆ ಅದರಲ್ಲಿದ್ದ ಎಣ್ಣೆ ಯಾವುದೆಂದು ಗೊತ್ತು. ಗೊತ್ತಿದ್ದರೆ ಅದೇ ಎಣ್ಣೆಯನ್ನು ಮತ್ತೆ ತುಂಬಬಹುದು. ಗ್ಯಾರೇಜುಗಳಿಂದ ಖಾಲಿ ಡಬ್ಬಿ ಹಿಂದಕ್ಕೆ ತರುವವರು ಸುಭಾಷ. ಪ್ರತಿಸಲ ಬಂದಾಗ ಗಂಗಾಂಬಿಕಾ ಚೀಟಿಯ ಕೆಳಗಿನ ಅಂಚಿನಲ್ಲಿ ಮೊಳೆಯಿಂದ ಒಂದು ಚುಕ್ಕೆ ಒತ್ತುತ್ತಾರೆ. ಐದು ಚುಕ್ಕೆಯ ಡಬ್ಬಿ ಮತ್ತೆ ಖಾಲಿಯಾಗಿ ಬಂದರೆ ಶಾಂತಾರಾಮರ ಪಾಲು. ದಿನದ ಏಳುನೂರರಲ್ಲಿ ಇನ್ನೂರಕ್ಕೂ ಹೆಚ್ಚು ಇಂಥ ಮರಳಿ ಬಂದ ಡಬ್ಬಿಗಳು. ನಾಲ್ಕು ಚುಕ್ಕೆಯದೊಂದನ್ನು ನನಗೆ ತೋರಿಸುತ್ತಾ, "ಇದು ನನಗಿಂತ ಹೆಚ್ಚು ಊರು ತಿರಗೈತಿ," ಎಂದು ನಗುತ್ತಾರೆ.

ಕಷ್ಟ ಇಲ್ಲವೆಂದಲ್ಲ. ದಿನವಿಡೀ ರಬ್ಬರ್ ಪಟ್ಟಿ ಒತ್ತಿ ಬಲಗೈಯ ಮಣಿಕಟ್ಟು ಸಂಜೆಗೆ ಊದಿಕೊಳ್ಳುತ್ತದೆ. ಜುಲೈಯಲ್ಲಿ ಗಾಳಿಯೇ ಒದ್ದೆಯಾಗಿರುವಾಗ ಡಬ್ಬಿಗಳನ್ನು ಬಲ್ಬು ಉರಿಸಿದ ಕೋಣೆಯಲ್ಲಿ ಬೆಚ್ಚಗಿಟ್ಟು ಅಂಟಿಸಬೇಕು. ಒಳಗೆ ನಿಂತರೆ ಬೆವರಿನ ಸ್ನಾನ. ಯಂತ್ರ ತರಿಸುವ ಮಾತನ್ನು ರವೀಂದ್ರ ಆಡುತ್ತಿದ್ದಾರೆ. ಬರಲಿ ಎನ್ನುತ್ತಾರೆ ಗಂಗಾಂಬಿಕಾ, ಅದಕ್ಕೆ ಹದ ಕಲಿಸುವವರು ಬೇಕಲ್ಲ. ಹೊಸ ಚೀಟಿ ಬಂದ ಈ ಮೂರು ವರ್ಷದಲ್ಲಿ, ಹೆಸರು ಕಳೆದುಕೊಂಡ ಡಬ್ಬಿ ಒಂದೂ ಈ ಗೇಟಿಗೆ ಮರಳಿ ಬಂದಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಕರೆಯುತ್ತಾರೆ, "ಬರ್ರಿ, ರೊಟ್ಟಿ ಐತಿ." ಹತ್ತು ನಿಮಿಷದ ನಡಿಗೆ. ಬಾಗಿಲಲ್ಲೇ ಕೂತಿದ್ದಾರೆ ಅತ್ತೆ ಗುರುಶಾಂತವ್ವ, ಎಪ್ಪತ್ತಾರು ವರ್ಷ. ಶಾಲೆಯ ಮುಖ ಕಂಡವರಲ್ಲ. ಗೋಡೆಗೆ ಒರಗಿಸಿಟ್ಟ ರಟ್ಟಿನ ಮೇಲೆ ಪೆನ್ಸಿಲ್ಲಿನ ಚಿತ್ರಗಳು. ಇದೇನು ಎಂದೆ.

"ಚೀಟಿ ಮ್ಯಾಲ ಇಂಗ್ಲಿಷ್ ಐತಿ, ಹೋದ ವರ್ಷ ಸಾಹೇಬ್ರಿಗೆ ಹೇಳಿ ಕನ್ನಡ ದೊಡ್ಡದಾಗಿ ಹಾಕ್ಸೀನಿ. ಆದ್ರ ಅಕ್ಷರ ಬಾರದವರೂ ಎಣ್ಣಿ ಸುರೀತಾರಲ್ರೀ. ಅವ್ರಿಗೆ ಚಿತ್ರ ಬೇಕು."

ಚಿತ್ರಗಳ ಪರೀಕ್ಷಕರು ಗುರುಶಾಂತವ್ವ. ಕಟ್ಟುನಿಟ್ಟಿನ ಪರೀಕ್ಷಕರು. ಗೇರ್ ಎಣ್ಣೆಗೆಂದು ಹಲ್ಲಿನ ಚಕ್ರ ಬರೆದರೆ "ಚಕ್ಕುಲಿ" ಎಂದರಂತೆ. ಬ್ರೇಕ್ ಎಣ್ಣೆಗೆ ಪೆಡಲಿನ ಮೇಲಿನ ಪಾದ ಬರೆದರೆ, "ಯಾರೋ ಹುಳಾ ತುಳ್ಯಾಕತ್ತಾರ." ಆರು ಸಲ ಬರೆದು ಆರು ಸಲವೂ ಸೊಸೆ ಫೇಲು.

ಇಂದು ಏಳನೆಯದು ಸಿದ್ಧವಾಗಿದೆ. ರೊಟ್ಟಿಯ ತಟ್ಟೆ ಬದಿಗಿಟ್ಟು ಗಂಗಾಂಬಿಕಾ ರಟ್ಟನ್ನು ಅತ್ತೆಯ ಮುಂದೆ ಹಿಡಿಯುತ್ತಾರೆ. ಒಂದು ಗಾಲಿ, ಅದರ ಮುಂದೆ ಎತ್ತಿದ ಅಂಗೈ. ಗುರುಶಾಂತವ್ವ ಕಣ್ಣು ಕಿರಿದು ಮಾಡುತ್ತಾರೆ.

"ಗಾಡಿ ನಿಲ್ಸು ಅಂತಾರ," ಎನ್ನುತ್ತಾರೆ ಅವರು. "ಇದಕ್ಯಾಕ ಇಷ್ಟು ದಿನಾ ಬೇಕಾತು ನಿನಗ?"

ಗಂಗಾಂಬಿಕಾ ಹೋ ಎಂದು ಕೂಗಿದ್ದಕ್ಕೆ ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಚಿತ್ರದ ಫೋಟೊ ಆಗಲೇ ರವೀಂದ್ರ ಅವರಿಗೂ ಶಿಲ್ಪಾ ಅವರಿಗೂ ಹೋಗಿದೆ. ಮುಂದಿನ ಸುರುಳಿಯಲ್ಲೇ ಅಚ್ಚಾಗಬೇಕು ಎಂಬುದು ಅವರ ಹಟ.

ಹೊರಡುವ ಮುನ್ನ, ನಿಮಗೆಂದು ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಯೋಚಿಸುವುದಕ್ಕೆ ಅವರಿಗೆ ಹೊತ್ತು ಬೇಕಾಗುವುದಿಲ್ಲ.

"ಆ ಸುರುಳಿ ಬಂದ ದಿನ ಮೊದಲನೇ ಡಬ್ಬಿ ಮನಿಗೆ ತರಬೇಕ್ರಿ. ಅತ್ತಿ ಕೈಯಾಗ ಇಟ್ಟು, ಓದ್ರಿ ಅನ್ನಬೇಕು. ಅವರು ಓದ್ತಾರ."